ಶ್ರೀಲಂಕಾ: ನಾವು ನೋಡಿದ್ದು, ಬೇಕೆಂದೇ ಬಿಟ್ಟಿದ್ದು

ಶ್ರೀಲಂಕಾಕ್ಕೆ ಹೊರಟಿದ್ದೇವೆ ಅಂದ ಕೂಡಲೇ ಸಿಕ್ಕವರೆಲ್ಲ ಒಂದೊಂದು ಹೆಸರು ಹೇಳಿದರು. ಸಿಗಿರಿಯ ಬಿಡಬೇಡಿ, ಗಾಲೆ ಬಿಡಬೇಡಿ, ಟ್ರಿಂಕೋಮಲಿ, ಜಾಫ್ನಾ, ಯಾಲ ಯಾವುದನ್ನೂ ಬಿಡಬೇಡಿ. ಭೂಪಟದಲ್ಲಿ ಎಲ್ಲವೂ ಪಕ್ಕಪಕ್ಕದಲ್ಲೇ ಇರುವ ಹಾಗೆ ಕಾಣುತ್ತದೆ. ಆದರೆ 65,610 ಚದರ ಕಿಲೋಮೀಟರ್ ಇರುವ ದ್ವೀಪ ಅದು, ನಡುವೆ ಪೂರ್ತಿ ಬೆಟ್ಟ. ಬೆಟ್ಟದ ದಾರಿಯಲ್ಲಿ ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ.

ಹಾಗಾಗಿ ನಾವು ಮೊದಲು ನೋಡಿದ್ದು ಮಳೆಯ ಲೆಕ್ಕ. ಅಲ್ಲಿ ಮಳೆಗಾಲ ಎರಡು. ಮೇಯಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ, ಪಶ್ಚಿಮದ ಕಡೆ ಮತ್ತು ಬೆಟ್ಟದಲ್ಲಿ ಮಳೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರ, ಪೂರ್ವದ ಕಡೆ. ಒಂದು ತೀರದಲ್ಲಿ ಸಮುದ್ರ ಶಾಂತವಾಗಿದ್ದರೆ ಇನ್ನೊಂದು ತೀರದಲ್ಲಿ ಕೆರಳಿರುತ್ತದೆ. ನಾವು ಹೋದದ್ದು ಫೆಬ್ರವರಿಯಲ್ಲಿ. ಉತ್ತರ ಮತ್ತು ಪೂರ್ವವನ್ನು ಪಟ್ಟಿಯಿಂದ ತೆಗೆದೇಬಿಟ್ಟೆವು. ಮಧ್ಯದ ಹಳೆಯ ರಾಜಧಾನಿಗಳು, ಆಮೇಲೆ ಬೆಟ್ಟ, ಕೊನೆಗೆ ದಕ್ಷಿಣದ ಕರಾವಳಿ. ಅಷ್ಟೇ.

ಸಿಗಿರಿಯದ ಬಗ್ಗೆ ಎಲ್ಲರಿಗೂ ಗೊತ್ತು. ಬಯಲಿನ ನಡುವೆ ಇನ್ನೂರು ಮೀಟರ್ ಹತ್ತಿರ ಎದ್ದು ನಿಂತ ಬಂಡೆ, ಅದರ ನೆತ್ತಿಯ ಮೇಲೆ 5ನೇ ಶತಮಾನದಲ್ಲಿ ಕಾಶ್ಯಪ ರಾಜ ಕಟ್ಟಿಸಿದ ಅರಮನೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಬಿಸಿಲೇರಿದ ಮೇಲೆ ಆ ಸಾವಿರ ಚಿಲ್ಲರೆ ಮೆಟ್ಟಿಲು ಯಾರಿಗೂ ಬೇಡ. ಗುಹೆಯ ಚಿತ್ರಗಳ ಫೋಟೋ ತೆಗೆಯುವ ಹಾಗಿಲ್ಲ. ಎಲ್ಲರೂ ಆ ಚಿತ್ರ ನೋಡಿ, ಒಂದು ಕಾಲಕ್ಕೆ ಕನ್ನಡಿಯಂತೆ ಹೊಳೆಯುತ್ತಿದ್ದ ಪಕ್ಕದ ಕನ್ನಡಿ ಗೋಡೆಯನ್ನು ಸುಮ್ನೆ ದಾಟಿ ಹೋಗುತ್ತಾರೆ. ನನಗೆ ಇಡೀ ಬಂಡೆಯಲ್ಲಿ ಇಷ್ಟವಾಗಿದ್ದು ಆ ಗೋಡೆಯೇ. ಸಾವಿರ ವರ್ಷದ ಹಿಂದೆ ನಮ್ಮ ಹಾಗೇ ನೋಡಲು ಬಂದವರು ಚಿತ್ರದ ಹೆಂಗಸರ ಬಗ್ಗೆ ಆ ಗೋಡೆಯ ಮೇಲೆ ಪದ್ಯ ಗೀಚಿ ಹೋಗಿದ್ದಾರೆ. ಸೆನೆರತ್ ಪರಣವಿತಾನ ಎಂಬ ವಿದ್ವಾಂಸರು ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಈಗ ಗೀಚಿದರೆ ಹಿಡಿದುಕೊಂಡು ಹೋಗುತ್ತಾರೆ, ಅದು ಬೇರೆ ಮಾತು.

ಅಮ್ಮನಿಗೆ ಮಂಡಿ ನೋವು. ಮೇಲೆ ಹತ್ತದೆ ಕೆಳಗಿನ ನೀರಿನ ತೋಟದಲ್ಲೇ ಉಳಿದರು. ಅಲ್ಲಿನ ಕಾರಂಜಿಗಳು ಮಳೆಗಾಲದಲ್ಲಿ ಈಗಲೂ ಚಿಮ್ಮುತ್ತವಂತೆ. ಹತ್ತಲಾಗದವರೂ ಒಳಗೆ ಹೋಗಿ ಎಂದು ಧೈರ್ಯವಾಗಿ ಹೇಳುತ್ತೇನೆ, ಆ ತೋಟ ನೋಡಲಿಕ್ಕೇ ಒಂದು ಗಂಟೆ ಹಿಡಿಯುತ್ತದೆ. ಟಿಕೆಟ್ ದುಬಾರಿ. ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಅರ್ಧ ಬೆಲೆ ಇತ್ತು, ಅದಕ್ಕೆ ಪಾಸ್‌ಪೋರ್ಟ್ ತೋರಿಸಬೇಕಾಯಿತು. ಹೋಟೆಲಿನಲ್ಲಿ ಬಿಟ್ಟು ಬರಬೇಡಿ.

ಆದರೆ ಒಂದೇ ಜಾಗ ನೋಡಲು ಸಮಯವಿದೆ ಅನ್ನುವವರಿಗೆ ನಾನು ಸಿಗಿರಿಯ ಹೇಳುವುದಿಲ್ಲ, ಪೊಲೊನ್ನರುವ ಹೇಳುತ್ತೇನೆ. ಚೋಳರು ರಾಜಧಾನಿ ಮಾಡಿಕೊಂಡಿದ್ದ ಊರು, ಅವರ ಕಾಲದ ಶಿವ ದೇವಾಲಯ ಇನ್ನೂ ನಿಂತಿದೆ. ಆಮೇಲೆ 12ನೇ ಶತಮಾನದಲ್ಲಿ ಪರಾಕ್ರಮಬಾಹು ಕಟ್ಟಿಸಿದ ಕೆರೆಯ ಹೆಸರು ಪರಾಕ್ರಮ ಸಮುದ್ರ, ಮತ್ತು ದಡದಲ್ಲಿ ನಿಂತರೆ ಸಮುದ್ರ ಅಂತ ಯಾಕೆ ಕರೆದರು ಎಂದು ಯಾರೂ ಹೇಳಿಕೊಡಬೇಕಿಲ್ಲ. ಊರು ವಿಶಾಲ, ನೆಲ ಸಮತಟ್ಟು, ಬಾಡಿಗೆ ಸೈಕಲ್ ಸಿಗುತ್ತದೆ. ಅಮ್ಮ ತ್ರೀ ವೀಲರ್‌ನಲ್ಲಿ, ನಾವು ಸೈಕಲ್ ಮೇಲೆ. ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ನಾಲ್ಕು ವಿಗ್ರಹ ಕೆತ್ತಿದ್ದಾರೆ. ಮಲಗಿರುವ ಬುದ್ಧನೇ 14 ಮೀಟರ್ ಉದ್ದ. ದಿಂಬಿನ ಮೇಲೆ ತಲೆಯಿಟ್ಟ ಕಡೆ ಕಲ್ಲು ಸ್ವಲ್ಪ ತಗ್ಗಾಗಿದೆ ನೋಡಿ, ನಿಜವಾದ ದಿಂಬಿನ ಹಾಗೆ! ಪಕ್ಕದಲ್ಲಿ ಕೈಕಟ್ಟಿ ನಿಂತವನು ಬುದ್ಧನೋ, ಶಿಷ್ಯ ಆನಂದನೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಇಲ್ಲೆಲ್ಲ ಚಪ್ಪಲಿ ಬಿಡಬೇಕು, ಮಧ್ಯಾಹ್ನ ಕಲ್ಲು ಸುಡುತ್ತದೆ. ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ಬುದ್ಧನಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯಬೇಡಿ, ಅಲ್ಲಿ ಅದು ಅವಮಾನ.

ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ಇದೆ ಎನ್ನುವ ದಂತ ಮಂದಿರ. ಪೂಜೆಯ ಹೊತ್ತಿಗೆ ಹೋದರೆ ದಂತ ಇರುವ ಚಿನ್ನದ ಕರಂಡ ಕಾಣುತ್ತದೆ, ದಂತ ಕಾಣುವುದಿಲ್ಲ. ನೂಕುನುಗ್ಗಲು ಜಾಸ್ತಿ. ನಮಗೆ ಪೆರದೇಣಿಯದ ಸಸ್ಯೋದ್ಯಾನವೇ ಹೆಚ್ಚು ಹಿಡಿಸಿತು.

ಕ್ಯಾಂಡಿಯಿಂದ ಎಲ್ಲ ಎಂಬ ಬೆಟ್ಟದೂರಿಗೆ ಹೋಗುವ ರೈಲನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಿಕೆ ಸರಿಯೇ, ಆದರೆ ಉದ್ದದ ಪ್ರಯಾಣ. ಕಾದಿರಿಸುವ ಸೀಟುಗಳು ಮೊದಲೇ ಮುಗಿದುಹೋಗುತ್ತವೆ. ಸಮಯ ಕಡಿಮೆ ಇದ್ದರೆ ನುವಾರ ಎಲಿಯ ಊರಿನ ಪಕ್ಕದ ‘ನಾನುಓಯ’ ಎಂಬ ಸ್ಟೇಷನ್‌ನಲ್ಲಿ ಹತ್ತಿ, ಚೆನ್ನಾಗಿರುವ ಭಾಗ ಮುಂದೆಯೇ ಬರುವುದು. 1,891 ಮೀಟರ್ ಎತ್ತರದ ಪಟ್ಟಿಪೊಲ ಆದ ಮೇಲೆ ಒಂದು ಸುರಂಗ. ಈ ಕಡೆ ಮಂಜು ಮುಸುಕಿತ್ತು, ಆ ಕಡೆ ಹೊರಬಂದರೆ ಒಳ್ಳೇ ಬಿಸಿಲು. ಎರಡು ಮಳೆಗಾಲದ ಲೆಕ್ಕ ನನಗೆ ಸರಿಯಾಗಿ ತಲೆಗೆ ಹೋಗಿದ್ದು ಅಲ್ಲೇ. 1921ರಲ್ಲಿ ಮುಗಿದ ಒಂಬತ್ತು ಕಮಾನಿನ ಸೇತುವೆ ಚೆಂದವೇ, ಆದರೆ ಜನರ ತಲೆ ದಾಟಿ ನೋಡಬೇಕು. ಹಳಿ ಸುತ್ತು ಹಾಕಿ ತನ್ನದೇ ಕೆಳಗಿನಿಂದ ನುಸುಳುವ ದೆಮೊದರ ಸ್ಟೇಷನ್ ಹತ್ತಿರದಲ್ಲೇ ಇದೆ. ಅಲ್ಲಿ ಜನ ಕಡಿಮೆ.

ಬೆಟ್ಟದ ಮೇಲಿನ ಹುಲ್ಲುಗಾವಲು ಹಾರ್ಟನ್ ಪ್ಲೇನ್ಸ್‌ಗೆ ಹೋಗುವುದಾದರೆ ಕತ್ತಲಲ್ಲೇ ಹೊರಡಿ. ಬಿಸಿಲೇರುತ್ತಿದ್ದ ಹಾಗೆ ವರ್ಲ್ಡ್ಸ್ ಎಂಡ್‌ನ ಪ್ರಪಾತಕ್ಕೆ ಮಂಜು ತುಂಬಿಕೊಳ್ಳುತ್ತದೆ, ಆಮೇಲೆ ಬಿಳಿ ಪರದೆ ಬಿಟ್ಟರೆ ಏನೂ ಇಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ತೆಂಗಿನಕಾಯಿಯ ಪೊಲ್ ಸಂಬೋಲ್ ನಮ್ಮ ಚಟ್ನಿಯಂತೆ ಕಾಣುತ್ತದೆ, ಆದರೆ ಅದರಲ್ಲಿ ಒಣ ಮೀನಿನ ಪುಡಿ ಇರುವುದು ಮಾಮೂಲು. ಕೇಳಿಯೇ ತಿನ್ನಿ. ಅನ್ನದ ಜೊತೆ ಕೊಡುವ ಬೇಳೆ, ಹಲಸಿನಕಾಯಿ ಪಲ್ಯ ಮಾತ್ರ ಸೊಗಸು.

ಗಾಲೆ ಕೋಟೆಯನ್ನು ಕೊನೆಗಿಟ್ಟಿದ್ದು ಒಳ್ಳೆಯದಾಯಿತು, ಅಲ್ಲಿ ಓಡಾಟದ ಅವಸರವೇ ಇಲ್ಲ. ಪೋರ್ಚುಗೀಸರು ಶುರು ಮಾಡಿ ಡಚ್ಚರು ಗಟ್ಟಿ ಮಾಡಿದ ಗೋಡೆ. ಸಂಜೆ ಅದರ ಮೇಲೆ ಒಂದು ಸುತ್ತು ನಡೆದರೆ ಆಯಿತು, ಒಳಗೆ ಜನ ಈಗಲೂ ಮನೆ ಮಾಡಿಕೊಂಡಿದ್ದಾರೆ.

ಬಿಟ್ಟಿದ್ದನ್ನು ಜುಲೈ-ಆಗಸ್ಟ್‌ಗೆ ಇಟ್ಟುಕೊಂಡಿದ್ದೇವೆ. ಆಗ ಟ್ರಿಂಕೋಮಲಿಯ ಸಮುದ್ರ ಶಾಂತ, ಮಿನ್ನೇರಿಯ ಕೆರೆ ಇಳಿದು ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಜಾಫ್ನಾದಲ್ಲಿ ನಲ್ಲೂರು ಕಂದಸ್ವಾಮಿ ದೇವಸ್ಥಾನದ 25 ದಿನದ ಉತ್ಸವವೂ ಆ ಸುಮಾರಿಗೇ ಬರುತ್ತದೆ.