ಶವದ ರಕ್ತ: ಕೆಂಪು ಕಣದ ಪೊರೆ ನೋಡುವುದು, ಮಾದರಿ ತೆಗೆಯುವುದು, ಕಳಿಸುವುದು

ಶವದಿಂದ ತೆಗೆದ ರಕ್ತದಲ್ಲಿ ಕೆಂಪು ಕಣ ಒಡೆದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅದು ಒಡೆದದ್ದು ರಕ್ತನಾಳದೊಳಗೋ, ನಿಮ್ಮ ಸಿರಿಂಜಿನೊಳಗೋ? ಇದಕ್ಕೆ ಉತ್ತರವಿಲ್ಲದೆ ಪೊಟ್ಯಾಸಿಯಂ, ಕೋಲಿನೆಸ್ಟರೇಸ್ (ಕೀಟನಾಶಕದಿಂದ ಕುಂದುವ ಕಿಣ್ವ), ರಕ್ತದ ಗುಂಪು ಯಾವುದರ ಫಲಿತಾಂಶವನ್ನೂ ನಂಬುವಂತಿಲ್ಲ. ಪೊರೆಯ ಸ್ಥಿತಿ ನೋಡಿ ಸಾವಿನ ಗಂಟೆ ಹೇಳಬಹುದೆಂಬ ಆಸೆ ಹಲವರಿಗಿದೆ. ಅದು ಅಷ್ಟು ನಂಬಿಕೆಯ ಗಡಿಯಾರವಲ್ಲ. ಉಳಿದ ಪರೀಕ್ಷೆಗಳನ್ನು ಎಷ್ಟು ನಂಬಬಹುದು ಎಂದು ಹೇಳುವುದೇ ಅದರ ನಿಜವಾದ ಉಪಯೋಗ. ಈ ಕ್ರಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಶವಾಗಾರಗಳಲ್ಲಿ ಕೆಲಸ ಮಾಡುವ ವೈದ್ಯಾಧಿಕಾರಿಗಳಿಗೆ, ಹೌಸ್ ಸರ್ಜನ್‌ಗಳಿಗೆ, ಲ್ಯಾಬ್ ಟೆಕ್ನಿಷಿಯನ್‌ಗಳಿಗೆ.

ಸಾವಿನ ನಂತರ ಪೊರೆಗೆ ಆಗುವುದೇನು

ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಮೈಟೊಕಾಂಡ್ರಿಯ ಇಲ್ಲ. ಸುತ್ತಲಿನ ಗ್ಲೂಕೋಸನ್ನು ಆಮ್ಲಜನಕವಿಲ್ಲದೆ ಒಡೆದು ಬರುವ ಎಟಿಪಿಯೇ ಅದರ ಏಕೈಕ ಶಕ್ತಿ. ಹಾಗಾಗಿ ಹೃದಯ ನಿಂತ ಕ್ಷಣಕ್ಕೆ ಕಣ ಸಾಯುವುದಿಲ್ಲ. ಗ್ಲೂಕೋಸ್ ಮುಗಿಯುತ್ತ, ಲ್ಯಾಕ್ಟಿಕ್ ಆಮ್ಲ ಸೇರಿ ಪಿಎಚ್ ಇಳಿಯುತ್ತ ಎಟಿಪಿ ಕುಸಿಯುತ್ತದೆ. ಆಗ ಪ್ರತಿ ಸುತ್ತಿಗೆ 3 ಸೋಡಿಯಂ ಹೊರಹಾಕಿ 2 ಪೊಟ್ಯಾಸಿಯಂ ಒಳಗೆಳೆಯುತ್ತಿದ್ದ ಪಂಪ್ ನಿಧಾನವಾಗಿ ನಿಲ್ಲುತ್ತದೆ. ಕಣದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 100 ಮಿಲಿಮೋಲ್, ಪ್ಲಾಸ್ಮಾದಲ್ಲಿ 3.5ರಿಂದ 5. ಇಷ್ಟು ಅಂತರವಿರುವಾಗ ಸೋರಿಕೆ ಎಷ್ಟು ಬೇಗ ಕಾಣಿಸುತ್ತದೆಂದು ಲೆಕ್ಕ ಹಾಕಿಕೊಳ್ಳಿ. ಕಣ ಒಡೆಯಲೇಬೇಕೆಂದಿಲ್ಲ. ಫ್ರಿಜ್‌ನ ತಣ್ಣನೆಯಲ್ಲೂ ಪಂಪ್ ನಿಲ್ಲುವುದರಿಂದ ಪ್ಲಾಸ್ಮಾ ತಿಳಿಯಾಗಿದ್ದೂ ಪೊಟ್ಯಾಸಿಯಂ ಏರಿರುತ್ತದೆ. ಶವದ ರಕ್ತದ ಪೊಟ್ಯಾಸಿಯಂ ನೋಡಿ ಬದುಕಿದ್ದಾಗ ಇಷ್ಟಿತ್ತು ಎಂದು ಬರೆಯಬಾರದು ಎನ್ನುವುದು ಇದಕ್ಕೇ.

ಕ್ಯಾಲ್ಸಿಯಂ ಪಂಪಿನ ಕಥೆಯೂ ಇದೇ. ಕ್ಯಾಲ್ಸಿಯಂ ಒಳನುಗ್ಗಿದಾಗ ಪೊರೆಯ ಒಳಪದರದಲ್ಲಿರಬೇಕಾದ ಫಾಸ್ಫಟೈಡಿಲ್ ಸೆರಿನ್ ಎಂಬ ಕೊಬ್ಬು ಹೊರಪದರಕ್ಕೆ ಬರುತ್ತದೆ, ಪೊರೆಯ ಕೆಳಗಿನ ಸ್ಪೆಕ್ಟ್ರಿನ್ ಜಾಲ ಸಡಿಲವಾಗುತ್ತದೆ. ತಟ್ಟೆಯಾಕಾರದ ಕಣಕ್ಕೆ ಮೊದಲು ಅಂಚಿನಲ್ಲಿ, ಆಮೇಲೆ ಮೈತುಂಬ ಮುಳ್ಳು ಏಳುತ್ತವೆ. ಇದು ಎಕೈನೋಸೈಟ್. ಮುಳ್ಳಿನ ತುದಿಗಳು ಸಣ್ಣ ಗುಳ್ಳೆಗಳಾಗಿ ಉದುರಿದಷ್ಟೂ ಪೊರೆಯ ವಿಸ್ತೀರ್ಣ ಕಡಿಮೆಯಾಗಿ ಕಣ ಗೋಲವಾಗುತ್ತದೆ. ಗೋಲಕ್ಕೆ ಇನ್ನು ಉಬ್ಬಲು ಜಾಗವಿಲ್ಲ. ಸ್ವಲ್ಪ ನೀರು ಒಳಹೊಕ್ಕರೂ ಹಿಮೋಗ್ಲೋಬಿನ್ ಚೆಲ್ಲಿ, ಬಣ್ಣವಿಲ್ಲದ ಬರಿಯ ಪೊರೆ ಉಳಿಯುತ್ತದೆ. ಮಹಾಪಧಮನಿಯ ಒಳಗೋಡೆ ಕೆಂಪಾಗಿ ನೆನೆದಂತೆ ಕಾಣುವುದು ಹೀಗೆ ಚೆಲ್ಲಿದ ಹಿಮೋಗ್ಲೋಬಿನ್‌ನಿಂದ. ಅದನ್ನು ಉರಿಯೂತವೆಂದು ಬರೆದವರಿದ್ದಾರೆ.

ಈ ಎಲ್ಲದರ ವೇಗ ಉಷ್ಣಾಂಶದ ಕೈಯಲ್ಲಿದೆ. ಒಂದೇ ಜಿಲ್ಲೆಯೊಳಗೆ ಏಪ್ರಿಲ್ ಮಧ್ಯಾಹ್ನದ ಅರಸೀಕೆರೆಗೂ ಆಷಾಢದ ರಾತ್ರಿಯ ಸಕಲೇಶಪುರಕ್ಕೂ, ಕಡೂರಿಗೂ ಮೂಡಿಗೆರೆಗೂ ಹೋಲಿಕೆಯೇ ಇಲ್ಲ. ಪುಸ್ತಕದ ಗಂಟೆಗಳನ್ನು ಎರಡೂ ಕಡೆ ಒಂದೇ ರೀತಿ ಹಾಕಿದರೆ ತಪ್ಪಾಗುವುದು ಖಚಿತ. ಆದ್ದರಿಂದ ಚಾಕು ಹಿಡಿಯುವ ಮೊದಲೇ ಗುದನಾಳದ ಉಷ್ಣಾಂಶ, ಶವ ಸಿಕ್ಕ ಜಾಗದ ಉಷ್ಣಾಂಶ, ಶೈತ್ಯಾಗಾರದಲ್ಲಿ ಇಟ್ಟ ಮತ್ತು ಹೊರತೆಗೆದ ಸಮಯ ಇವಿಷ್ಟನ್ನೂ ಬರೆದಿಡಿ. ಸ್ಥಳದ ಉಷ್ಣಾಂಶ ಪಂಚನಾಮೆಯಲ್ಲಿ ಬಹುತೇಕ ಇರುವುದಿಲ್ಲ, ತನಿಖಾಧಿಕಾರಿಯನ್ನು ಕೇಳಿ.

ರಕ್ತ ತೆಗೆಯುವುದು

ಹೃದಯದ ರಕ್ತ ಸುಲಭವಾಗಿ ಸಿಗುತ್ತದೆಂದು ಅದನ್ನೇ ತೆಗೆಯಬೇಡಿ. ಕರುಳಿನ ಬ್ಯಾಕ್ಟೀರಿಯಾ, ಜಠರ ಮತ್ತು ಯಕೃತ್ತಿನಿಂದ ಹರಡುವ ಔಷಧ ಮೊದಲು ತಲುಪುವುದು ಅಲ್ಲಿಗೆ. ತೊಡೆಯ ಫೆಮೋರಲ್ ಅಭಿಧಮನಿಯಿಂದ ತೆಗೆಯಿರಿ. ತೊಡೆಸಂದಿನ ಕೆಳಗೆ ಅದು ಅಪಧಮನಿಯ ಒಳಮಗ್ಗುಲಿಗೆ ಇರುತ್ತದೆ. ಬಿಡಿಸಿಕೊಂಡು ಮೇಲ್ಭಾಗವನ್ನು ಕಟ್ಟಿ ಅಥವಾ ಕ್ಲ್ಯಾಂಪ್ ಹಾಕಿ, ಇಲ್ಲದಿದ್ದರೆ ಹೊಟ್ಟೆಯ ರಕ್ತವೂ ಸಿರಿಂಜಿಗೆ ಬರುತ್ತದೆ. 18 ಗೇಜ್ ಸೂಜಿ, 20 ಮಿಲಿ ಸಿರಿಂಜ್. ಪಿಸ್ಟನ್ ನಿಧಾನವಾಗಿ ಎಳೆಯಿರಿ. ರಕ್ತ ಬರಲಿಲ್ಲವೆಂದು ಕಾಲನ್ನು ಕೆಳಗಿನಿಂದ ಹಿಂಡುವ ಅಭ್ಯಾಸ ಅನೇಕ ಕಡೆ ಇದೆ. ಹಿಂಡಿದರೆ ಕಣವೂ ಒಡೆಯುತ್ತದೆ, ಸ್ನಾಯುವಿನ ದ್ರವವೂ ಸೇರುತ್ತದೆ. ಟ್ಯೂಬಿಗೆ ಹಾಕುವಾಗ ಸೂಜಿ ತೆಗೆದು, ಗೋಡೆಯ ಮೇಲೆ ಜಾರುವಂತೆ ಬಿಡಿ. 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ.

ಟ್ಯೂಬ್‌ಗಳ ವಿಚಾರದಲ್ಲೇ ಹೆಚ್ಚು ಎಡವುವುದು. ವಿಷಪರೀಕ್ಷೆ, ಆಲ್ಕೋಹಾಲ್‌ಗೆ ಸೋಡಿಯಂ ಫ್ಲೋರೈಡ್ ಬೇಕು, ಮಿಲಿಲೀಟರಿಗೆ 10 ಮಿಗ್ರಾಂನಂತೆ 10 ಮಿಲಿ ರಕ್ತಕ್ಕೆ 100 ಮಿಗ್ರಾಂ. ಆದರೆ ಅಷ್ಟು ಫ್ಲೋರೈಡ್ ಲೀಟರಿಗೆ ಸುಮಾರು 238 ಮಿಲಿಮೋಲ್ ಆಗುತ್ತದೆ, ಅಂದರೆ ರಕ್ತದ 290ರ ಆಸುಪಾಸಿನ ಆಸ್ಮೊಲಾಲಿಟಿಗೆ (ಕರಗಿದ ಕಣಗಳ ಸಾಂದ್ರತೆಗೆ) ಇನ್ನೂ 470ಕ್ಕಿಂತ ಹೆಚ್ಚು ಸೇರಿದಂತೆ. ಆ ಟ್ಯೂಬಿನಲ್ಲಿ ಕಣಗಳೆಲ್ಲ ಸುಕ್ಕುಗಟ್ಟಿರುತ್ತವೆ. ಅದರಿಂದ ಸ್ಮಿಯರ್ (ಗಾಜಿನ ಮೇಲೆ ರಕ್ತದ ತೆಳು ಲೇಪ) ಮಾಡಿ ಪೊರೆಯ ಬಗ್ಗೆ ಮಾತಾಡುವುದು ವ್ಯರ್ಥ. ಪೊರೆ ನೋಡಲು ಹೆಪಾರಿನ್‌ನ ಹಸಿರು ಮುಚ್ಚಳದ ಟ್ಯೂಬ್. ಇಡಿಟಿಎ ನಡೆಯುತ್ತದೆ, ಆದರೆ ಇಟ್ಟಷ್ಟು ಹೊತ್ತು ಅದೇ ಮುಳ್ಳುಕಣ ಹುಟ್ಟಿಸುತ್ತದೆ. ಪೊಟ್ಯಾಸಿಯಂ ಅಳೆಯುವುದಿದ್ದರೆ ಪೊಟ್ಯಾಸಿಯಂ ಇಡಿಟಿಎ, ಪೊಟ್ಯಾಸಿಯಂ ಆಕ್ಸಲೇಟ್ ಎರಡೂ ಬೇಡ.

ಇವುಗಳ ಜೊತೆಗೆ, ರಕ್ತ ತೆಗೆದ ಟೇಬಲ್ಲಿನ ಪಕ್ಕದಲ್ಲೇ, ಪ್ಲಾಸ್ಟಿಕ್ ಟ್ಯೂಬಿನಲ್ಲಿ 1 ಮಿಲಿ ಗ್ಲುಟರಾಲ್ಡಿಹೈಡ್ ದ್ರಾವಣಕ್ಕೆ 50 ಮೈಕ್ರೋಲೀಟರ್ ರಕ್ತ ಹಾಕಿಬಿಡಿ. ಪೊರೆ ಅಲ್ಲಿಗೆ ಬಂದಂತೆಯೇ ನಿಲ್ಲುತ್ತದೆ. ಆಮೇಲೆ ಟ್ಯೂಬಿನಲ್ಲಿ, ದಾರಿಯಲ್ಲಿ ಆದದ್ದಕ್ಕೂ ಶವದಲ್ಲಿ ಆದದ್ದಕ್ಕೂ ಇದೇ ಗೆರೆ. ದ್ರಾವಣಕ್ಕೆ 25 ಶೇಕಡಾ ಗ್ಲುಟರಾಲ್ಡಿಹೈಡ್ 1 ಮಿಲಿ, ಪಿಎಚ್ 7.4ರ 0.1 ಮೋಲಾರ್ ಫಾಸ್ಫೇಟ್ ಬಫರ್ 24 ಮಿಲಿ. ಬಫರ್ ಬದಲು ಡಿಸ್ಟಿಲ್ಡ್ ವಾಟರ್ ಹಾಕಿದರೆ ಕಣ ಉಬ್ಬಿ ಒಡೆದು ಸ್ಥಿರವಾಗುತ್ತವೆ, ಕೆಲಸ ಕೆಟ್ಟಂತೆ. ಗ್ಲುಟರಾಲ್ಡಿಹೈಡ್‌ನ ಆವಿ ಕಣ್ಣು, ಗಂಟಲಿಗೆ ಕೆಟ್ಟದ್ದು, ಕಿಟಕಿ ತೆರೆದು ಕೈಗವಸು ಹಾಕಿಯೇ ಕೆಲಸ ಮಾಡಿ.

ಬೆಂಚಿನ ಮೇಲೆ

ಸ್ಥಿರಗೊಳಿಸಿದ ಹನಿಯನ್ನು ಹಸಿಯಾಗಿಯೇ ನೋಡಿ. ಗಾಜಿನ ಮೇಲೆ ನಿಧಾನವಾಗಿ ಒಣಗುವ ಸ್ಮಿಯರ್, ಅದರಲ್ಲೂ ಮಳೆಗಾಲದ ಮಲೆನಾಡಿನ ಗಾಳಿಯಲ್ಲಿ, ಇಲ್ಲದ ಮುಳ್ಳನ್ನೂ ತೋರಿಸುತ್ತದೆ. ಗಾಜಿನ ಕ್ಷಾರಗುಣವೊಂದೇ ಸ್ಥಿರಗೊಳಿಸದ ಕಣವನ್ನು ಮುಳ್ಳಾಗಿಸಬಲ್ಲದು. 200 ಕಣ ಎಣಿಸಿ: ತಟ್ಟೆ, ಮುಳ್ಳು, ಗೋಲ, ಬರಿ ಪೊರೆ. ಒಬ್ಬ ಆರೋಗ್ಯವಂತ ದಾನಿಯ ರಕ್ತವನ್ನೂ ಅದೇ ದಿನ, ಅದೇ ಗೇಜಿನ ಹೊಸ ಸೂಜಿಯಿಂದ ತೆಗೆದು, ಅದೇ ದ್ರಾವಣದಲ್ಲಿ ನಡೆಸಿ. ಅದರಲ್ಲೂ ಮುಳ್ಳು ಕಂಡರೆ ತಪ್ಪು ನಿಮ್ಮ ಬಫರಿನದು.

ಎಷ್ಟು ಒಡೆದಿದೆ ಎಂದು ಅಳೆಯಲು ಹೆಪಾರಿನ್ ರಕ್ತದ ಒಟ್ಟು ಹಿಮೋಗ್ಲೋಬಿನ್, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು), ಸೆಂಟ್ರಿಫ್ಯೂಜ್ ಆದ ಮೇಲೆ ಪ್ಲಾಸ್ಮಾದ ಹಿಮೋಗ್ಲೋಬಿನ್ ಈ ಮೂರು ಸಾಕು. 100ರಿಂದ ಹೆಮಟೊಕ್ರಿಟ್ ಕಳೆದು, ಪ್ಲಾಸ್ಮಾ ಹಿಮೋಗ್ಲೋಬಿನ್‌ನಿಂದ ಗುಣಿಸಿ, ಒಟ್ಟು ಹಿಮೋಗ್ಲೋಬಿನ್‌ನಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. ಹೆಮಟೊಕ್ರಿಟ್ 40, 100 ಮಿಲಿಗೆ ಪ್ಲಾಸ್ಮಾದಲ್ಲಿ 0.7 ಗ್ರಾಂ, ಒಟ್ಟು 14 ಗ್ರಾಂ ಇದ್ದರೆ 3 ಶೇಕಡಾ. ಹೆಮಟೊಕ್ರಿಟ್ ಊಹಿಸಿ ಹಾಕಬೇಡಿ. ಸತ್ತ ಮೇಲೆ ಕಣಗಳು ತಗ್ಗಿನ ಕಡೆ ಇಳಿಯುವುದರಿಂದ ಒಂದೇ ದೇಹದ ಎರಡು ಕಡೆಯ ರಕ್ತದಲ್ಲಿ ಅದು ಬೇರೆ ಬೇರೆ ಬರುತ್ತದೆ.

ಉಪ್ಪು ಕಡಿಮೆಯಾದಂತೆ ಕಣ ಎಲ್ಲಿ ಒಡೆಯುತ್ತದೆಂದು ನೋಡುವ ಆಸ್ಮೋಟಿಕ್ ಫ್ರಜಿಲಿಟಿ ಪರೀಕ್ಷೆಗೆ ಸ್ಪೆಕ್ಟ್ರೊಫೋಟೋಮೀಟರ್ ಬೇಕಾದ್ದರಿಂದ ತಾಲ್ಲೂಕು ಆಸ್ಪತ್ರೆಗಿಂತ ವೈದ್ಯಕೀಯ ಕಾಲೇಜಿನ ಲ್ಯಾಬ್ ಸರಿ. ಪಿಎಚ್ 7.4ರ ಬಫರ್ ಉಪ್ಪುನೀರು 0.9ರಿಂದ 0.1 ಶೇಕಡಾವರೆಗೆ ಇಳಿಸಿದ ಟ್ಯೂಬ್‌ಗಳು, ಪ್ರತಿಯೊಂದರಲ್ಲಿ 5 ಮಿಲಿ. ತಲಾ 50 ಮೈಕ್ರೋಲೀಟರ್ ರಕ್ತ. 20 ಡಿಗ್ರಿಯಲ್ಲಿ 30 ನಿಮಿಷ. ಸೆಂಟ್ರಿಫ್ಯೂಜ್ ಮಾಡಿ 540 ನ್ಯಾನೋಮೀಟರಿನಲ್ಲಿ ಓದಿ. ಆಗಷ್ಟೇ ತೆಗೆದ ಆರೋಗ್ಯವಂತರ ರಕ್ತದಲ್ಲಿ ಅರ್ಧದಷ್ಟು ಒಡೆಯುವುದು 0.40–0.445 ಶೇಕಡಾದಲ್ಲಿ. ಅದೇ ರಕ್ತವನ್ನು 37 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ 0.465–0.59ಕ್ಕೆ ಸರಿಯುತ್ತದೆ. ಶವದ ರಕ್ತವನ್ನು ಹೋಲಿಸಬೇಕಾದ್ದು ಈ ಎರಡನೆಯದರ ಜೊತೆ, ತಾಜಾ ರಕ್ತದ ಜೊತೆ ಅಲ್ಲ. ಮೊದಲೇ ಒಡೆದಿರುವ ಹಿಮೋಗ್ಲೋಬಿನ್ 0.9ರ ಟ್ಯೂಬಿನಲ್ಲೂ ಬಣ್ಣ ಬಿಡುತ್ತದೆ. ಆ ಓದನ್ನು ಉಳಿದ ಎಲ್ಲದರಿಂದ ಕಳೆಯಿರಿ. ಅದನ್ನು ತಪ್ಪಿಸಲೆಂದು ಮೊದಲೇ ಕಣ ತೊಳೆದರೆ ಅತಿ ದುರ್ಬಲ ಕಣಗಳು ತೊಳೆಯುವಾಗಲೇ ಹೋಗಿ, ಉಳಿದ ಗಟ್ಟಿಯವು ಸುಳ್ಳು ಸಮಾಧಾನ ಕೊಡುತ್ತವೆ.

ಕಾಫಿ ನಾಡಿನಲ್ಲಿ ವಿಶೇಷ ಗಮನ

ತೋಟಗಳ ಊರಲ್ಲಿ ಆರ್ಗನೋಫಾಸ್ಫರಸ್ ಕೀಟನಾಶಕ ಕುಡಿದ ಪ್ರಕರಣ ಬಂದೇ ಬರುತ್ತದೆ. ಅದು ತಡೆಹಿಡಿಯುವ ಅಸಿಟೈಲ್ ಕೋಲಿನೆಸ್ಟರೇಸ್ ಕೆಂಪು ಕಣದ ಪೊರೆಗೇ ಅಂಟಿಕೊಂಡಿರುವ ಕಿಣ್ವ. ಫ್ಲೋರೈಡ್ ಕೂಡ ಇದೇ ಕಿಣ್ವವನ್ನು ತಡೆಯುತ್ತದೆ. ಅಂದರೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿನಲ್ಲಿ ಕಳಿಸಿದರೆ ವಿಷ ಕುಡಿಯದವರಿಗೂ ಕಡಿಮೆ ಬರಬಹುದು. ಹೆಪಾರಿನ್ ಅಥವಾ ಇಡಿಟಿಎ ಟ್ಯೂಬ್ ಬಳಸಿ, ಮೇಲೆ ‘ಫ್ಲೋರೈಡ್ ಇಲ್ಲ’ ಎಂದು ಬರೆಯಿರಿ. ರಕ್ತದಲ್ಲಿ ಉಳಿದ ವಿಷ ಟ್ಯೂಬಿನೊಳಗೂ ಕಿಣ್ವವನ್ನು ಕಟ್ಟುತ್ತಲೇ ಇರುತ್ತದೆ. 200 ಮೈಕ್ರೋಲೀಟರ್ ರಕ್ತವನ್ನು ಕೂಡಲೇ 4 ಮಿಲಿ ತಣ್ಣನೆಯ ಸಲೈನ್‌ಗೆ ಹಾಕಿ ತೆಳುಗೊಳಿಸಿದರೆ ಅದು ನಿಧಾನವಾಗುತ್ತದೆ. ಈ ಕಿಣ್ವ ಅಳೆಯುವ ಎಲ್ಮನ್ ವಿಧಾನದ ಹಳದಿ ಬಣ್ಣವನ್ನು 412 ನ್ಯಾನೋಮೀಟರಿನಲ್ಲಿ ಓದಿದರೆ ಹಿಮೋಗ್ಲೋಬಿನ್ ಅಲ್ಲೇ ಬೆಳಕು ಹೀರಿ ಅಡ್ಡಬರುತ್ತದೆ. ಒಡೆದ ರಕ್ತಕ್ಕೆ 436 ವಾಸಿ. ಆಸ್ಪತ್ರೆಯಲ್ಲಿ ಈ ವಿಷಕ್ಕೆ ಮದ್ದಾದ ಪ್ರಾಲಿಡಾಕ್ಸಿಮ್ ಕೊಟ್ಟಿದ್ದರೆ ಕಿಣ್ವ ಸ್ವಲ್ಪ ಮರಳಿರಬಹುದು, ಕೇಸ್ ಶೀಟ್ ಓದದೆ ಅಂಕಿಗೆ ಅರ್ಥ ಹಚ್ಚಬೇಡಿ.

ಹಾವು ಕಚ್ಚಿದವರ ರಕ್ತದಲ್ಲಿ ಲೆಕ್ಕ ಬೇರೆ. ಕೊಳಕುಮಂಡಲದ ವಿಷದಲ್ಲಿರುವ ಫಾಸ್ಫೊಲಿಪೇಸ್ ಎ2 ಪೊರೆಯ ಕೊಬ್ಬನ್ನೇ ಕತ್ತರಿಸುವುದರಿಂದ ಮುಳ್ಳು, ಗೋಲ ಸಾವಿಗೆ ಮೊದಲೇ ಬಂದಿರಬಹುದು. ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯಿಂದ ಬೇಸಿಗೆಯಲ್ಲಿ ಜ್ವರ ಬಂದು ಸತ್ತವರ ಶವವಾದರೆ ಮಂಗನ ಕಾಯಿಲೆ ಇಲ್ಲವೆಂದು ಗೊತ್ತಾಗುವವರೆಗೆ, ಸೋಂಕು ತಗಲುವ ಅಪಾಯದಿಂದಾಗಿ, ಮೇಲಿನ ಬೆಂಚು ಕೆಲಸ ಯಾವುದೂ ಬೇಡ, ಸೆಂಟ್ರಿಫ್ಯೂಜಂತೂ ಬೇಡವೇ ಬೇಡ.

ಗೊರೂರಿನ ಹಿನ್ನೀರಿನಂಥ ಕಡೆ ಮುಳುಗಿದವರಲ್ಲಿ ಎಡ ಹೃದಯದ ರಕ್ತ ತೆಳುವಾಗಿ ಒಡೆದಿರುತ್ತದೆ ಎಂಬ ತರ್ಕದಿಂದ 1921ರಲ್ಲಿ ಅಮೆರಿಕದ ವಿಷಶಾಸ್ತ್ರಜ್ಞ ಗೆಟ್ಲರ್ ಹೃದಯದ ಎರಡೂ ಬದಿಯ ಕ್ಲೋರೈಡ್ ಹೋಲಿಸುವ ಪರೀಕ್ಷೆ ತಂದರು. ನೀರಿನಲ್ಲಿ ದಿನ ಕಳೆದ ಶವದಲ್ಲಿ ಎರಡೂ ಬದಿ ಒಡೆದೇ ಇರುತ್ತವೆ. ಅದರ ಮೇಲೆ ಅಭಿಪ್ರಾಯ ಕಟ್ಟಬೇಡಿ.

ರಕ್ತದ ಗುಂಪು

ಇಲ್ಲಿನ ಬಲೆ ಸೂಕ್ಷ್ಮ. ಕೊಳೆಯುವಾಗ ಬ್ಯಾಕ್ಟೀರಿಯಾದ ಕಿಣ್ವಗಳು ಪೊರೆಯ ಮೇಲಿನ ಸಕ್ಕರೆಯನ್ನು ಕತ್ತರಿಸುತ್ತವೆ. ಒಂದು ಬಗೆಯ ಕಿಣ್ವ ‘ಎ’ ಆಂಟಿಜೆನ್‌ನ ಅಸಿಟೈಲ್ ತೆಗೆದು ಅದನ್ನು ‘ಬಿ’ಯಂತೆ ಮಾಡುತ್ತದೆ, ‘ಎ’ ಗುಂಪಿನವರು ‘ಎಬಿ’ಯಾಗಿ ಓದಿಸಿಕೊಳ್ಳುತ್ತಾರೆ. ಇನ್ನೊಂದು, ಒಳಗಡಗಿದ ‘ಟಿ’ ಆಂಟಿಜೆನ್ ಬಯಲು ಮಾಡಿ, ಬಹುತೇಕ ಯಾವ ದೊಡ್ಡವರ ಸೀರಂ ಹಾಕಿದರೂ ಗುಂಪುಗೂಡುವಂತೆ ಮಾಡುತ್ತದೆ. ಎಲ್ಲ ಸೀರಂಗೂ ಪಾಸಿಟಿವ್ ಬಂದರೆ ಅಲ್ಲಿಗೇ ನಿಲ್ಲಿಸಿ. ಹತ್ತಿಬಟ್ಟೆಯ ಗಾಜ್ ಮೇಲೆ ರಕ್ತ ಹಾಕಿ ಒಣಗಿಸಿ ಕಳಿಸಿದರೆ ಪ್ರಯೋಗಾಲಯ ಅಬ್ಸಾರ್ಪ್ಷನ್-ಎಲ್ಯೂಷನ್ (ಒಣ ಕಲೆಯಿಂದ ಗುಂಪು ಹೇಳುವ ಪರೀಕ್ಷೆ) ಮಾಡಬಹುದು, ಡಿಎನ್‌ಎಗೂ ಅದೇ ಗಾಜ್ ಬರುತ್ತದೆ. ನೆರಳಲ್ಲಿ, ಫ್ಯಾನ್ ಕೆಳಗೆ ಒಣಗಿಸಿ, ಕಾಗದದ ಕವರಿನಲ್ಲಿ ಇಡಿ. ಜುಲೈನಲ್ಲಿ ಹಸಿ ಗಾಜ್ ಬಟ್ಟೆಯನ್ನು ಪ್ಲಾಸ್ಟಿಕ್‌ಗೆ ತುಂಬಿದರೆ ಬೂಸ್ಟು ಬರುವುದು ಗ್ಯಾರಂಟಿ.

ಸಾವಿನ ಸಮಯಕ್ಕೆ ಕಣ್ಣು

ಪೊಟ್ಯಾಸಿಯಂನಿಂದ ಸಮಯ ಅಂದಾಜಿಸಲೇಬೇಕಿದ್ದರೆ ರಕ್ತ ಬಿಟ್ಟು ಕಣ್ಣಿನ ವಿಟ್ರಿಯಸ್ (ಕಣ್ಣುಗುಡ್ಡೆಯೊಳಗಿನ ಲೋಳೆದ್ರವ) ನೋಡಿ, ಅದು ಮುಚ್ಚಿದ ಕೋಣೆ. ಕಣ್ಣಿನ ಹೊರಮೂಲೆಯಲ್ಲಿ, ಕಪ್ಪುಭಾಗದ ಅಂಚಿನಿಂದ 5–6 ಮಿಮೀ ಹಿಂದೆ 20 ಗೇಜ್ ಸೂಜಿ ಹಾಕಿ, 1–2 ಮಿಲಿ ಬಹಳ ನಿಧಾನವಾಗಿ ಎಳೆಯಿರಿ. ಅವಸರಪಟ್ಟರೆ ರೆಟಿನಾದ ಚೂರು ಸೇರಿ ಪೊಟ್ಯಾಸಿಯಂ ಏರುತ್ತದೆ. ಎರಡು ಕಣ್ಣು, ಎರಡು ಟ್ಯೂಬ್. ಕಂದು ಬಣ್ಣ, ಮಸುಕು ಇದ್ದರೆ ಬಿಟ್ಟುಬಿಡಿ. ತೆಗೆದಷ್ಟು ಸಲೈನ್ ತುಂಬಿ, ಮುಖ ನೋಡುವವರಿಗೆ ಕಣ್ಣು ಗುಳಿಬಿದ್ದಂತೆ ಕಾಣಬಾರದು. ಸ್ಟರ್ನರ್ ಸೂತ್ರ: 7.14 ಗುಣಿಸು ಪೊಟ್ಯಾಸಿಯಂ, ಕಳೆ 39.1. ಮಾಡಿಯಾ ಸೂತ್ರ: 5.26 ಗುಣಿಸು ಪೊಟ್ಯಾಸಿಯಂ, ಕಳೆ 30.9. ಪೊಟ್ಯಾಸಿಯಂ ಲೀಟರಿಗೆ 10 ಮಿಲಿಮೋಲ್ ಬಂದರೆ ಮೊದಲನೆಯದು 32.3 ಗಂಟೆ, ಎರಡನೆಯದು 21.7 ಗಂಟೆ ಎನ್ನುತ್ತದೆ. ಹತ್ತು ಗಂಟೆಗೂ ಮೀರಿದ ಈ ಅಂತರ ಬಚ್ಚಿಡದೆ ಎರಡೂ ಅಂಕಿ ಬರೆಯಿರಿ.

ಕಳಿಸುವಾಗ

ಶಿರಾಡಿಯೋ ಚಾರ್ಮಾಡಿಯೋ ಇಳಿಯುವ ಜೀಪಿನಲ್ಲಿ ಅರ್ಧ ತುಂಬಿದ ಟ್ಯೂಬ್ ಕುಲುಕಿದಷ್ಟೂ ಕಣ ಒಡೆಯುತ್ತದೆ. ಟ್ಯೂಬ್ ಪೂರ್ತಿ ತುಂಬಿ, ನೆಟ್ಟಗೆ ನಿಲ್ಲಿಸಿ, ಹತ್ತಿ ಸುತ್ತಿ ಥರ್ಮೋಕೋಲ್ ಡಬ್ಬಿಯಲ್ಲಿಡಿ. ಐಸ್ ಪ್ಯಾಕಿಗೆ ಟ್ಯೂಬ್ ನೇರವಾಗಿ ತಾಕಬಾರದು, ನಡುವೆ ಬಟ್ಟೆ ಇರಲಿ. ಮಂಜುಗಟ್ಟಿ ಕರಗಿದ ರಕ್ತದಲ್ಲಿ ಕಣ ಇಡಿಯಾಗಿ ಉಳಿಯುವುದೇ ಅಪರೂಪ. ಪ್ರತಿ ಟ್ಯೂಬಿಗೆ ಲೇಬಲ್: ಪಿಎಂ (ಮರಣೋತ್ತರ ಪರೀಕ್ಷೆ) ಸಂಖ್ಯೆ, ತೆಗೆದ ಜಾಗ, ಸಮಯ, ಯಾವ ರಾಸಾಯನಿಕ ಎಷ್ಟು. ಮೇಲೆ ಸೀಲ್, ಜೊತೆಗೆ ಮಾದರಿ ಸೀಲ್, ಪೊಲೀಸರ ಸ್ವೀಕೃತಿ ಸಹಿ.

ವರದಿಯಲ್ಲಿ ‘ಹಿಮೋಲಿಸಿಸ್ ಇದೆ’, ಅಂದರೆ ಕಣ ಒಡೆದಿದೆ, ಎಂದಷ್ಟೇ ಬರೆದರೆ ನ್ಯಾಯಾಲಯಕ್ಕೆ ಏನೂ ತಿಳಿಯುವುದಿಲ್ಲ. ‘ಫೆಮೋರಲ್ ರಕ್ತ, ಟೇಬಲ್ ಬಳಿ ಸ್ಥಿರಗೊಳಿಸಿದ ಮಾದರಿಯಲ್ಲಿ 200 ಕಣಗಳಲ್ಲಿ ಇಷ್ಟು ಮುಳ್ಳು, ಇಷ್ಟು ಗೋಲ, ಹಿಮೋಲಿಸಿಸ್ ಇಷ್ಟು ಶೇಕಡಾ, ಆದ್ದರಿಂದ ಪೊಟ್ಯಾಸಿಯಂ ಮತ್ತು ಕೋಲಿನೆಸ್ಟರೇಸ್ ಫಲಿತಾಂಶಗಳಿಗೆ ಈ ಮಿತಿ’ ಎಂದು ಬರೆಯಿರಿ. ಗ್ಲುಟರಾಲ್ಡಿಹೈಡ್ ಟ್ಯೂಬನ್ನು ವಿಚಾರಣೆ ಮುಗಿಯುವವರೆಗೆ 4 ಡಿಗ್ರಿಯಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ.