ದೇವರ ಮುಂದೆ ಕೂರೋಕೇ ಬೇಜಾರಾದಾಗ: ಥೋರ್‌ಗೆ ಮತ್ತೆ ಕಾಫಿ ಇಡೋಕೆ ಶುರು ಮಾಡಿದ್ದು ಹೆಂಗೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ನಡ್ಕೊಳ್ಳೋದು ಓಡಿನ್, ಥೋರ್, ಫ್ರಿಗ್ ಇವರಿಗೆ, ಅಂದ್ರೆ ಉತ್ತರ ಯುರೋಪಿನ ಹಳೇ ದೇವರುಗಳಿಗೆ, ಈ ದಾರಿಗೆ ಹೀದನ್ ಅಂತಾರೆ. ಸೋಮವಾರಪೇಟೆ ಕಡೆ ನಾಲ್ಕು ಎಕರೆ ಕಾಫಿ ತೋಟ ಇಟ್ಕೊಂಡು ಇದೇನಮ್ಮಾ ನಿಂಗೆ ಅಂತ ಮನೇಲೂ ಕೇಳಿದಾರೆ, ಆ ಕಥೆ ಇನ್ನೊಂದ್ಸಲ. ಈಗ ಹೇಳೋಕೆ ಹೊರಟಿರೋದು, ಎಲ್ಲಾ ಸಾಕಾಗಿ ಎಂಟು ತಿಂಗಳು ಒಂದು ಲೋಟ ನೀರೂ ಇಡದೆ ಇದ್ದವಳು ಮತ್ತೆ ಹೆಂಗೆ ಶುರು ಮಾಡಿದೆ ಅನ್ನೋದು. ನಿಮ್ಮ ದೇವರು ಬೇರೆ ಆಗಿದ್ರೂ ಅರ್ಧಕ್ಕರ್ಧ ಉಪಯೋಗಕ್ಕೆ ಬರುತ್ತೆ.

ಫಸ್ಟ್, ಸುಸ್ತು ಯಾವುದರದ್ದು ಅಂತ ನೋಡ್ಕೊಳ್ಳಿ. ನಂದು ಮೂರು ಥರದ ಸುಸ್ತು ಸೇರಿತ್ತು. ಕೊಯ್ಲಿಗೆ ಆಳು ಸಿಗ್ತಿರ್ಲಿಲ್ಲ, ಕಣದಲ್ಲಿ ಹರವಿದ್ದ ಕಾಫಿ ಮೇಲೆ ಮಳೆ ಬೇರೆ ಬಂತು, ಅದು ಕೆಲಸದ ಸುಸ್ತು, ನಿದ್ದೆ ಮಾಡಿದ್ರೆ ಹೋಗುತ್ತೆ. ಎರಡನೇದು ಜನರದ್ದು, ಈ ದೇವರುಗಳು ಯುರೋಪಿನ ರಕ್ತದವರಿಗೆ ಮಾತ್ರ ಅನ್ನೋ ಒಂದು ಗುಂಪಿದೆ, ಹಂಗಲ್ಲ ಅನ್ನೋ ಹೀದನ್ನರೂ ಬೇಕಾದಷ್ಟಿದಾರೆ, ಆದ್ರೂ ನಾನು ಮೊದಲ್ನೇ ಗುಂಪಿನ ಜೊತೆನೇ ರಾತ್ರಿ ಎರಡು ಗಂಟೆವರೆಗೂ ವಾದ ಮಾಡ್ಕೊಂಡು ಕೂತಿರ್ತಿದ್ದೆ. ಅದಕ್ಕೆ ಮದ್ದು ಫೋನಲ್ಲಿ ಆ ಗ್ರೂಪಿಂದ ಎಕ್ಸಿಟ್ ಆಗೋದು, ಅಷ್ಟೇ. ಮೂರನೇದು ನಾನೇ ಮೈಮೇಲೆ ಹೇರ್ಕೊಂಡಿದ್ದು. ಇಂಗ್ಲಿಷಿನ ವೆಡ್ನೆಸ್‌ಡೇ, ಥರ್ಸ್‌ಡೇ, ಫ್ರೈಡೇ ಹೆಸರುಗಳು ಓಡಿನ್, ಥೋರ್, ಫ್ರಿಗ್ ಇವರಿಂದ್ಲೇ ಬಂದಿದ್ದು, ಸರಿ ಅಂತ ಮೂರು ದಿನ ಮೂವರಿಗೂ ನೈವೇದ್ಯ, ದಿನಕ್ಕೊಂದು ರೂನ್ (ಅಲ್ಲಿಯ ಹಳೇ ಲಿಪಿ) ಅಕ್ಷರ, ಅಮಾವಾಸ್ಯೆಗೆ ಹಿರಿಯರಿಗೆ, ವಾರಕ್ಕೊಂದು ಹಳೇ ನಾರ್ಸ್ (ಆ ಕಾಲದ ಅಲ್ಲಿಯ ಭಾಷೆ) ಪದ್ಯ ಬಾಯಿಪಾಠ, ಎಲ್ಲಾದಕ್ಕೂ ಒಂದು ನೋಟ್‌ಬುಕ್ಕಲ್ಲಿ ಟಿಕ್ ಮಾರ್ಕ್. ಭಕ್ತಿ ಹೋಗಿ ಹಾಜರಿ ಪುಸ್ತಕ ಆಗಿತ್ತು ಅದು. (ನಿದ್ದೆ ಊಟ ಎರಡೂ ಕೆಟ್ಟು ವಾರಗಟ್ಲೆ ಆಗಿದ್ರೆ ಇದನ್ನ ಓದೋದು ಬಿಟ್ಟು ಮೊದ್ಲು ಡಾಕ್ಟ್ರ ಹತ್ರ ಹೋಗಿ, ದೇವರು ಏನೂ ಅಂದ್ಕೊಳ್ಳಲ್ಲ.)

ಎರಡನೇ ಹೆಜ್ಜೆ, ನಿಲ್ಲಿಸೋದಾದ್ರೆ ಹೇಳಿ ನಿಲ್ಲಿಸಿ. ನಾನು ಹೇಳದೆ ಕೇಳದೆ ಬಿಟ್ಟೆ, ಅದಕ್ಕೇ ದೇವರಿಟ್ಟಿದ್ದ ಆ ಮೂಲೆ ಕಡೆ ತಿರುಗಿ ನೋಡೋಕೂ ನಾಚಿಕೆ ಆಗ್ತಿತ್ತು, ಸಾಲ ಇರೋ ಅಂಗಡಿ ಮುಂದೆ ತಲೆ ತಗ್ಗಿಸಿ ಹೋಗ್ತೀವಲ್ಲ ಹಂಗೆ. ಕೊನೆಗೊಂದು ದಿನ ಎದುರಿಗೆ ನಿಂತು, ನೋಡಿ ನಂಗೀಗ ಆಗ್ತಿಲ್ಲ, ಕಕ್ಕಡ ಮುಗಿಯೋವರೆಗೂ ಕರೀಬೇಡಿ ಅಂತ ಬಾಯ್ಬಿಟ್ಟು ಹೇಳಿ, ಮರದ ಮೂರ್ತಿಗಳನ್ನೂ ಥೋರನ ಆಯುಧ ಆದ ಸುತ್ತಿಗೆಯನ್ನೂ ಬಿಳೀ ಪಂಚೇಲಿ ಸುತ್ತಿ ಅಲ್ಮೆರಾದಲ್ಲಿ ಇಟ್ಟೆ. ಕಕ್ಕಡ ಅಂದಿದ್ದು ಸುಮ್ನೆ ಅಲ್ಲ. ನಮ್ಮ ಕೊಡಗಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮಳೆ ಹೊಡೆತಕ್ಕೆ ಮದುವೆ ಮುಂಜಿ ಏನೂ ಇಡಲ್ಲ, ಕಕ್ಕಡ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದು ಮೈ ನೋಡ್ಕೊಳ್ಳೋ ತಿಂಗಳು ಅದು. ಊರಿಗೇ ಒಂದು ತಿಂಗಳು ರಜೆ ಇರುವಾಗ ನಂಗ್ಯಾಕೆ ಇರಬಾರ್ದು.

ಬಿಟ್ಟಿದ್ದಕ್ಕೆ ಪಾಪಪ್ರಜ್ಞೆ ಬಂದ್ರೆ ಈ ಲೆಕ್ಕ ಹಾಕಿ: ಐಸ್‌ಲ್ಯಾಂಡ್ ಕ್ರೈಸ್ತ ದೇಶ ಆಗಿದ್ದು ಸುಮಾರು ಕ್ರಿ.ಶ. 1000ದಲ್ಲಿ, ಅಲ್ಲಿ ಹಳೇ ದೇವರುಗಳನ್ನ ಪೂಜಿಸೋರು ಮತ್ತೆ ಒಂದು ಸಂಘ ಕಟ್ಟಿದ್ದು 1972ರಲ್ಲಿ, ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟಿದ್ದು 1973ರಲ್ಲಿ. ಅಷ್ಟು ಕಾಲ ಕಾದೋರಿಗೆ ನನ್ನ ಎಂಟು ತಿಂಗಳು ಯಾವ ಲೆಕ್ಕ.

ಇನ್ನು ಶುರು ಮಾಡೋದು. ಪಕ್ಕದ ಮನೆ ಕೊಡವ ಅಜ್ಜಿ ಒಬ್ರಿದಾರೆ, ಅವರ ಐನ್‌ಮನೇಲಿ, ಅಂದ್ರೆ ಮನೆತನದ ಮೂಲ ಮನೇಲಿ, ನೆಲ್ಲಕ್ಕಿ ನಡುಬಾಡೆ ಅನ್ನೋ ನಡುಮನೆಯ ತೂಗು ದೀಪ ದಿನಾ ಹಚ್ಚಲೇಬೇಕು, ಮನೆತನದ ಮೂಲ ಹಿರಿಯ ಗುರುಕಾರಣನ ಹೆಸರು ಹೇಳಿ. ಒಂದು ಸಂಜೆ ಅವರನ್ನ ಕೇಳಿದೆ, ಅಜ್ಜೀ, ನಿಮಗೆ ಯಾವತ್ತೂ ಮನಸ್ಸಿಲ್ದೇ ಇರೋದು ಅಂತ ಆಗಲ್ವಾ. ಅವರು ನನ್ನ ಮುಖ ನೋಡಿ, "ದೀಪ ಹಚ್ಚೋಕೆ ಮನಸ್ಸು ಯಾಕೆ ಮಗಾ, ಬೆಂಕಿಪೊಟ್ಟಣ ಬೇಕು" ಅಂದ್ರು. ನಾನು ಮನಸ್ಸು ಬರ್ಲಿ ಆಮೇಲೆ ಮಾಡ್ತೀನಿ ಅಂತ ಕಾಯ್ತಿದ್ದೆ, ಅದು ಉಲ್ಟಾ ಅಂತ ಅವತ್ತೇ ಗೊತ್ತಾಗಿದ್ದು.

ಹಾವಮಾಲ್ ಅಂತ ಓಡಿನ್ನನ ಮಾತುಗಳ ಹಳೇ ಪದ್ಯ ಇದೆ, ನಮ್ಮ ಕೈಗೆ ಬಂದಿರೋದು 13ನೇ ಶತಮಾನದ ಐಸ್‌ಲ್ಯಾಂಡ್ ಹಸ್ತಪ್ರತಿಯಿಂದ. ಅದರಲ್ಲಿ ಒಂದು ಕಡೆ, ಅತಿಯಾಗಿ ಅರ್ಪಿಸೋದಕ್ಕಿಂತ ಏನೂ ಬೇಡದೆ ಇರೋದೇ ವಾಸಿ, ಯಾಕಂದ್ರೆ ಕೊಟ್ಟಿದ್ದು ಯಾವಾಗ್ಲೂ ವಾಪಸ್ ಕೇಳುತ್ತೆ ಅನ್ನೋ ಅರ್ಥದ ಮಾತಿದೆ. ಇನ್ನೊಂದು ಕಡೆ, ನೆಚ್ಚಿನ ಗೆಳೆಯನ ಮನೆಗೆ ಆಗಾಗ ಹೋಗ್ತಿರು, ಯಾರೂ ನಡೀದ ದಾರೀಲಿ ಪೊದೆ, ಎತ್ತರದ ಹುಲ್ಲು ಬೆಳೆಯುತ್ತೆ ಅಂತ. ತೋಟ ಇರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ, ಒಂದು ಮಳೆಗಾಲ ಕಾಲಿಡದಿದ್ರೆ ಲೈನ್‌ಮನೆ (ಆಳುಗಳ ಸಾಲುಮನೆ) ದಾರಿನೇ ಕಾಣಲ್ಲ. ಅದನ್ನ ತೆಗೆಯೋಕೆ ಜೆಸಿಬಿ ತರಿಸೋದು ಬೇಡ, ದಿನಾ ಒಬ್ರು ಓಡಾಡಿದ್ರೆ ಕಾಲುದಾರಿ ತಾನೇ ಬೀಳುತ್ತೆ.

ಹಂಗಾಗಿ ಒಬ್ಬ ದೇವರು, ವಾರಕ್ಕೆ ಒಂದು ದಿನ, ಹತ್ತು ನಿಮಿಷ. ನಾನು ಥೋರ್, ಗುರುವಾರ ಅಂತ ಇಟ್ಕೊಂಡೆ. 11ನೇ ಶತಮಾನದಲ್ಲಿ ಬ್ರೆಮೆನ್ನಿನ ಆಡಮ್ ಅನ್ನೋ ಪಾದ್ರಿ ಬರ್ದಿಟ್ಟಿದಾನೆ, ಸ್ವೀಡನ್ನಿನ ಜನ ಗುಡುಗು, ಮಿಂಚು, ಗಾಳಿ, ಮಳೆ, ಬೆಳೆ ಎಲ್ಲಾ ಥೋರನ ಕೈಲಿದೆ ಅಂತ ನಂಬ್ತಾರೆ ಅಂತ. ಮಾರ್ಚ್ ಏಪ್ರಿಲಲ್ಲಿ ಕಾಫಿ ಹೂ ಅರಳಿಸೋ ಹೂ ಮಳೆ ಬರುತ್ತೋ ಇಲ್ವೋ ಅಂತ ಆಕಾಶ ನೋಡ್ಕೊಂಡು ಕೂರೋ ನಂಗೆ ಇನ್ಯಾರು ಬೇಕು.

ಏನಿಡೋದು? ದುಡ್ಡು ಕೊಟ್ಟು ತರೋದು ಏನೂ ಬೇಡ. ನಾನಿಡೋದು ಬೆಳಗ್ಗೆಯ ಮೊದಲ್ನೇ ಡಿಕಾಕ್ಷನ್, ಬೆಲ್ಲ ಹಾಕಿ ಒಂದು ಸಣ್ಣ ಲೋಟ. ಅಲ್ಲಿಯೋರು ಮೀಡ್ ಅಂತ ಜೇನಿನ ಹೆಂಡ ಇಡ್ತಾರೆ, ಕೊಡವರು ಹಿರಿಯರಿಗೆ ಎಡೆ ಇಡೋದಕ್ಕೆ ಮೀದಿ ಅಂತಾರೆ, ಹೆಸರು ಹತ್ತಿರ ಇದೆ ಅಂತ ನಂಗೊಂದು ಖುಷಿ, ಸಂಬಂಧ ಏನಿಲ್ಲ. ಲೋಟ ಇಟ್ಟು ಹೆಸರು ಹೇಳಿ, ಏನು ತಂದಿದೀನಿ ಹೇಳಿ, ಆ ವಾರದ ಒಂದು ಸುದ್ದಿ ಹೇಳಿ. ಕನ್ನಡದಲ್ಲೇ. ನಾಲ್ಗೆ ಹೊರಳದ ನಾರ್ಸ್ ಪದ್ಯ ಒದ್ದಾಡ್ಕೊಂಡು ಹೇಳೋವಾಗ ನಾನು ಉಚ್ಚಾರಣೆ ಬಗ್ಗೆ ಯೋಚ್ನೆ ಮಾಡ್ತಿದ್ನೇ ಹೊರತು ಥೋರ್ ಬಗ್ಗೆ ಅಲ್ಲ. ಮೊದಲ ಒಂದೆರಡು ತಿಂಗಳು ಏನೂ ಬೇಡ್ಕೋಬೇಡಿ, ಮಳೆನೂ. ಆಮೇಲೆ ಸುಮ್ನೆ ಕೂತ್ಕೊಳ್ಳಿ, ಏನೂ ಅನ್ಸದಿದ್ರೂ ಎದ್ದು ಹೋಗಿ, ನಂಗೆ ಮೊದಲ ಐದು ವಾರ ಅನ್ಸಿದ್ದು ಕಾಲು ಜೋಮು ಹಿಡೀತು ಅಂತ ಮಾತ್ರ. ಇಟ್ಟಿದ್ದನ್ನ ಸಂಜೆಯೊಳಗೆ ಗಿಡದ ಬುಡಕ್ಕೆ ಹಾಕಿಬಿಡಿ, ಬೆಲ್ಲ ಬಿಟ್ರೆ ಇರುವೆ, ಬಾಳೆಹಣ್ಣು ಬಿಟ್ರೆ ಕೋತಿ. ಮಳೆಗಾಲದಲ್ಲಿ ಜಗಲೀಲೇ ಮಾಡಿ, ಜಿಗಣೆ ಕಚ್ಚಿಸ್ಕೊಂಡು ಧ್ಯಾನ ಆಗಲ್ಲ, ಆನೆ ಓಡಾಡೋ ಕಡೆ ಇದ್ರಂತೂ ಕತ್ತಲಲ್ಲಿ ತೋಟಕ್ಕೆ ಇಳೀಲೇಬೇಡಿ.

ಒಂದು ವಾರ ತಪ್ಪಿದ್ರೆ ತಪ್ಪಿತು. ಮುಂದಿನ ವಾರ ಎರಡು ಲೋಟ ಇಡೋಕೆ ಇದು ಚೀಟಿ ಕಂತಲ್ಲ. ನೋಟ್‌ಬುಕ್ಕನ್ನ ಒಲೆಗೆ ಹಾಕಿ, ನಾನು ಹಾಕ್ದೆ.

ದೇವರು ತೀರಾ ದೂರ ಅನ್ಸಿದ್ರೆ ಸತ್ತೋರಿಂದ ಶುರು ಮಾಡಿ, ಹೀದನ್ ದಾರೀಲೂ ಹಿರಿಯರಿಗೆ ದೊಡ್ಡ ಜಾಗ ಇದೆ. ನಮ್ಮಜ್ಜಿ ಫೋಟೋ ಮುಂದೆ ಎಲೆ ಅಡಿಕೆ, ಚೂರು ಹೊಗೆಸೊಪ್ಪು ಇಟ್ಟ ದಿನ ನಂಗೆ ಅಳು ಬಂತು, ಒಂದು ವರ್ಷದಲ್ಲಿ ಅದೇ ಮೊದ್ಲು. ಥೋರ್ ಮುಂದೆ ಬರ್ದೇ ಇದ್ದಿದ್ದು ಅಜ್ಜಿ ಮುಂದೆ ಬಂತು, ಯಾಕಂದ್ರೆ ಅವಳ ಹತ್ರ ನಾನು ಯಾವತ್ತೂ ಒಳ್ಳೇ ಭಕ್ತೆ ಥರ ನಾಟಕ ಆಡಿಲ್ಲ.

ಒಂದು ಎಚ್ಚರಿಕೆ. ಹುರುಪು ವಾಪಸ್ ಬಂದ ತಕ್ಷಣ ಸುತ್ತಿಗೆ ಎತ್ಕೊಂಡು ದೇವರಕಾಡಿಗೆ, ಅಂದ್ರೆ ದೇವರಿಗೆ ಬಿಟ್ಟ ಕಾಡಿಗೆ, ನುಗ್ಗಬೇಡಿ. ಕೊಡಗಲ್ಲಿ ಸಾವಿರಕ್ಕೂ ಮೇಲೆ ದೇವರಕಾಡುಗಳಿವೆ, ಪ್ರತಿಯೊಂದಕ್ಕೂ ಅದರದ್ದೇ ದೇವರು, ಅದರದ್ದೇ ಕಟ್ಟುಪಾಡು ಇದೆ, ನಾವು ಅಲ್ಲಿ ಕೈ ಮುಗಿದು ಬರೋರು ಅಷ್ಟೇ. ಹಳೇ ಐಸ್‌ಲ್ಯಾಂಡಿನ ಕಾನೂನಲ್ಲೂ ಇತ್ತಂತೆ, ದಡ ಕಾಣೋ ಮುಂಚೆ ಹಡಗಿನ ಮುಂದೆ ಕೆತ್ತಿಟ್ಟಿರೋ ಬಾಯ್ತೆರೆದ ತಲೆ ತೆಗೀಬೇಕು, ಇಲ್ಲಾಂದ್ರೆ ಆ ನೆಲದ ಶಕ್ತಿಗಳು ಹೆದರ್ತಾವೆ ಅಂತ.

ಹಬ್ಬಗಳನ್ನ ಕೊನೆಗೆ ಸೇರಿಸ್ಕೊಳ್ಳಿ. ಅವರ ಚಳಿಗಾಲದ ಆರಂಭದ ಹಬ್ಬ ಅಕ್ಟೋಬರಲ್ಲಿ, ನಮ್ಮ ಕಾವೇರಿ ಸಂಕ್ರಮಣವೂ ಆಗ್ಲೇ. ಮೊದಲೆಲ್ಲಾ ಎರಡಕ್ಕೂ ಎರಡು ಅಡುಗೆ ಮಾಡಿ ಬೆನ್ನು ಮುರ್ಕೊಳ್ತಿದ್ದೆ, ಈ ಸಲ ತಲಕಾವೇರಿ ತೀರ್ಥ ತಂದ್ಕೊಟ್ರು, ಕುಡ್ದು ಮಲ್ಕೊಂಡೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಪಕ್ಕದ ಮನೆಗೇ ಹೋಗಿ ಕದಿರು (ಹೊಸ ಭತ್ತದ ತೆನೆ) ತೆಗೆಯೋದು ನೋಡಿ ಊಟ ಮಾಡ್ಕೊಂಡು ಬರ್ತೀನಿ.

ಸದ್ಯಕ್ಕೆ ಥೋರ್ ಮಾತ್ರ ಹೊರಗಿದಾರೆ, ಓಡಿನ್ನೂ ಫ್ರಿಗ್ಗೂ ಇನ್ನೂ ಪಂಚೆ ಒಳಗೇ. ಕೊಯ್ಲು ಮುಗೀಲಿ, ಫ್ರಿಗ್‌ನ ಆಮೇಲೆ ಕೇಳ್ತೀನಿ.