ಅಂಗಳಕ್ಕೆ ತೆಂಡೆ ಹುಲ್ಲು: ನೆಡುವುದು ಹೇಗೆ, ಕತ್ತರಿಸುವುದು ಯಾವಾಗ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಕೃಷ್ಣಮೃಗ ನೋಡಲು ಹೋದವರು ಅಲ್ಲಿನ ಹುಲ್ಲನ್ನೂ ಒಮ್ಮೆ ಬಗ್ಗಿ ನೋಡಬೇಕು. ಅದಕ್ಕೆ ಯಾರೂ ನೀರು ಹಾಯಿಸುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಹೊಂಬಣ್ಣವಾಗುತ್ತದೆ, ಎರಡು ಮಳೆ ಬಿದ್ದರೆ ಬುಡದಿಂದ ಚಿಗುರುತ್ತದೆ. ತುಮಕೂರಿನಲ್ಲಿ ಏಪ್ರಿಲ್ ತಿಂಗಳು ಟ್ಯಾಂಕರ್ ನೀರು ತರಿಸಿ ಲಾನ್ ಉಳಿಸಿಕೊಳ್ಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಲಾನ್ ಚಿಕ್ಕದಿರಲಿ. ಉಳಿದ ಜಾಗಕ್ಕೆ ರಾಗಿಯ ಹಾಗೆ ತೆಂಡೆ, ಅಂದರೆ ಬುಡದಿಂದ ಮರಿಗಳು, ಒಡೆದು ಪೊದೆಯಾಗುವ ಹುಲ್ಲು ಹಾಕಿ.

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ನೀವು ಸಂಜೆ ಕೂರುವ ಕಡೆಯಿಂದ ಪಶ್ಚಿಮಕ್ಕೆ ನೆಟ್ಟರೆ ಇಳಿಬಿಸಿಲು ತೆನೆಯ ಹಿಂದಿನಿಂದ ಬರುತ್ತದೆ. ಆಗ ಒಂದೊಂದು ಕೂದಲೂ ಬೇರೆಬೇರೆಯಾಗಿ ಹೊಳೆಯುತ್ತದೆ. ಈ ಹುಲ್ಲಿನ ಅಂದವೆಲ್ಲ ಆ ಹೊತ್ತಿನಲ್ಲೇ ಇದೆ.

ಇನ್ನು ಯಾವ ಹುಲ್ಲು? ನನ್ನ ಮೊದಲ ಆಯ್ಕೆ ಲಾವಂಚ. ಐದಾರು ಅಡಿ ಎತ್ತರ ಬರುತ್ತದೆ, ಬೇರು ಹತ್ತು ಅಡಿಯವರೆಗೂ ಇಳಿಯಬಲ್ಲದು. ಇಳಿಜಾರಿನ ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ, ಬಚ್ಚಲ ನೀರು ಹರಿಯುವ ಕಡೆಯೂ ಬದುಕುತ್ತದೆ. ಮಜ್ಜಿಗೆ ಹುಲ್ಲು ಮೂರು ಅಡಿ ಬೆಳೆಯುತ್ತದೆ, ಕಷಾಯಕ್ಕೂ ಆಯ್ತು ಅಲ್ವಾ? ಬಣ್ಣ ಬೇಕೆಂದರೆ ನೇರಳೆ ಎಲೆಯ ಫೌಂಟನ್ ಗ್ರಾಸ್ ತನ್ನಿ. ಹಸಿರು ಎಲೆಯ ಫೌಂಟನ್ ಗ್ರಾಸ್ ಮಾತ್ರ ಬೇಡ. ಅದರ ಬೀಜ ಗಾಳಿಯಲ್ಲಿ ಹಾರಿ ಎಲ್ಲೆಂದರಲ್ಲಿ ಹುಟ್ಟುತ್ತದೆ, ಹವಾಯಿಯಲ್ಲಿ ದೊಡ್ಡ ಕಳೆಯಾಗಿಬಿಟ್ಟಿದೆ. ನೇರಳೆಯದರಲ್ಲಿ ಮೊಳೆಯುವ ಬೀಜ ಕಟ್ಟುವುದು ತೀರಾ ಕಡಿಮೆ.

ನೆಡಲು ಜೂನ್ ಒಳ್ಳೆಯದು. ಒಂದು ಅಡಿ ಗುಂಡಿ ತೆಗೆದು, ಕೆಂಪು ಮಣ್ಣಿಗೆ ಎರಡು ಬೊಗಸೆ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ. ಜಾಸ್ತಿ ಹಾಕಬೇಡಿ, ಹುಲ್ಲು ಸೊಕ್ಕಿ ಬೆಳೆದು ಮಗ್ಗುಲಿಗೆ ಬೀಳುತ್ತದೆ. ಬುಡ ನೆಲದ ಮಟ್ಟಕ್ಕೇ ಇರಲಿ, ಹೂತರೆ ಕೊಳೆಯುತ್ತದೆ. ಲಾವಂಚಕ್ಕೆ ಮೂರು ಅಡಿ, ಉಳಿದವಕ್ಕೆ ಎರಡು ಅಡಿ ಅಂತರ ಸಾಕು. ಒಂಟಿಯಾಗಿ ನೆಟ್ಟರೆ ಕಳೆ ಕೀಳಲು ಮರೆತ ಹಾಗೆ ಕಾಣುತ್ತದೆ. ಮೂರೋ ಐದೋ ಒಟ್ಟಿಗೆ ಹಾಕಿ, ಮುಂದೆ ಕಾಶಿಕಣಗಿಲೆ ಇಡಿ. ಓಡಾಡುವ ದಾರಿಗೆ, ಬಾಗಿಲಿಗೆ ಒತ್ತಿಕೊಂಡು ಬೇಡ. ಪೊದೆ ದಟ್ಟವಾದರೆ ಹಾವಿನ ಭಯ ಇದ್ದದ್ದೇ.

ಮೊದಲ ತಿಂಗಳು ಮಳೆ ಇಲ್ಲದಾಗ ಎರಡು ದಿನಕ್ಕೊಮ್ಮೆ ನೀರು ಕೊಡಿ, ಆಮೇಲೆ ವಾರಕ್ಕೊಮ್ಮೆ. ಬುಡಕ್ಕೆ ತೆಂಗಿನ ನಾರು ಅಥವಾ ಕಡಲೆಕಾಯಿ ಸಿಪ್ಪೆ ಹರಡಿ. ತಿಪಟೂರು, ಪಾವಗಡದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ.

ತುಂಬಾ ಜನ ತಪ್ಪುವುದು ಕತ್ತರಿಸುವುದರಲ್ಲಿ. ಒಣಗಿತೆಂದು ಜನವರಿಯಲ್ಲೇ ಕತ್ತರಿಸಬೇಡಿ. ಆ ಒಣ ತೆನೆಯ ಕಾಳಿಗೆ ರಾಟವಾಳ ಹಕ್ಕಿಗಳು ಬರುತ್ತವೆ. ಕಡ್ಡಿ ಬಾಗಿ ನೆಲ ಮುಟ್ಟುವಂತಾದರೂ ಬಿಡದೆ ಜೋತಾಡುತ್ತಾ ತಿನ್ನುತ್ತವೆ. ಮೇ ತಿಂಗಳಲ್ಲಿ ಒಂದೆರಡು ಮಳೆಯಾದ ಮೇಲೆ ಪೊದೆಯನ್ನು ಹಗ್ಗದಿಂದ ಕಟ್ಟಿ, ಕುಡುಗೋಲಿನಿಂದ ಅರ್ಧ ಅಡಿ ಬಿಟ್ಟು ಕೊಯ್ಯಿರಿ. ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ, ಎಲೆಯ ಅಂಚು ಕೊಯ್ಯುತ್ತದೆ.

ಮೂರು ವರ್ಷವಾದ ಮೇಲೆ ಪೊದೆಯ ನಡು ಒಣಗಿ ಬೋಳಾಗತೊಡಗುತ್ತದೆ. ಆಗ ಜೂನ್‌ನಲ್ಲಿ ಬುಡ ಸಮೇತ ಅಗೆದು ಸೀಳಿ. ನಡುವಿನ ಒಣ ಭಾಗ ಗೊಬ್ಬರದ ಗುಂಡಿಗೆ ಹಾಕಿ, ಅಂಚಿನ ಎಳೆಯ ತೆಂಡೆಗಳನ್ನು ಬೇರು ಆರುವ ಮೊದಲೇ, ಅದೇ ದಿನ ನೆಟ್ಟುಬಿಡಿ.